ಚರ್ಚಿನಂಗಳದ ಗೋರಿಗಳನ್ನು ಓದುವುದು ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ಮಧ್ಯಯುಗದ ಚರ್ಚೊಂದರಲ್ಲಿ ಸಾವಿರಾರು ಗೋರಿಗಳನ್ನು ಅಗೆದು ಅಧ್ಯಯನ ಮಾಡಿದ್ದಾರೆಂದು ಓದಿದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬೃಹತ್ ಶಿಲಾ ಸಮಾಧಿಗಳಲ್ಲಾದರೆ ಮಡಕೆಗಳು, ಕಬ್ಬಿಣದ ಸಾಮಾನುಗಳು ಸಿಕ್ಕಿದ್ದವು. ಅವನ್ನು ನೋಡಿ ಕಾಲ ಹೇಳಬಹುದು. ಕ್ರೈಸ್ತರ ಗೋರಿಗಳಲ್ಲಿ ಏನನ್ನೂ ಇಡುವುದಿಲ್ಲವಲ್ಲ, ಹಾಗಿದ್ದರೆ ಯಾವ ಗೋರಿ ಯಾವ ಕಾಲದ್ದೆಂದು ತಿಳಿಯುವುದು ಹೇಗೆ? ಬರೀ ಎಲುಬಿನಿಂದ ಸತ್ತವರ ಬಗ್ಗೆ ಎಷ್ಟು ಹೇಳಬಹುದು? ದೇವರ ಸನ್ನಿಧಿಯಲ್ಲಿ ಮಲಗಿಸಿದವರನ್ನು ಹೀಗೆ ಎಬ್ಬಿಸುವುದು ಸರಿಯೇ?

ಉತ್ತರ: ನೀವು ಓದಿದ್ದು ಬಹುಶಃ ಉತ್ತರ ಲಿಂಕನ್‌ಶೈರಿನ ಬಾರ್ಟನ್-ಅಪಾನ್-ಹಂಬರ್ ಎಂಬ ಊರಿನ ಸೇಂಟ್ ಪೀಟರ್ಸ್ ಚರ್ಚಿನ ವಿಷಯವಿರಬೇಕು. ಹಂಬರ್ ನದಿಯ ದಕ್ಷಿಣ ದಂಡೆಯಲ್ಲಿರುವ ಈ ಚರ್ಚಿನ ಗೋಪುರ ಸುಮಾರು ಸಾವಿರ ವರ್ಷ ಹಳೆಯದು, ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೂ ಮುಂಚಿನ ಆಂಗ್ಲೋ-ಸ್ಯಾಕ್ಸನ್ ಕಾಲದ್ದು. 1970ರ ದಶಕದಲ್ಲಿ ಅಲ್ಲಿ ಪೂಜೆ ನಿಂತು, ಕಟ್ಟಡವು ಸರ್ಕಾರದ ರಕ್ಷಣೆಗೆ ಬಂದ ಮೇಲೆ, ವಾರ್ವಿಕ್ ರಾಡ್‌ವೆಲ್ ಅವರ ನೇತೃತ್ವದಲ್ಲಿ 1978ರಿಂದ 1984ರವರೆಗೆ ಚರ್ಚಿನ ಒಳನೆಲವನ್ನೂ ಹೊರಗಿನ ಅಂಗಳದ ಒಂದು ಭಾಗವನ್ನೂ ಅಗೆಯಲಾಯಿತು. ದೊರೆತ ಗೋರಿಗಳು ಸುಮಾರು 2,800. ಅತ್ಯಂತ ಹಳೆಯದು ಹತ್ತನೆಯ ಶತಮಾನದ್ದಾದರೆ, ತೀರ ಈಚಿನದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ್ದು. ಒಂದೇ ಊರಿನವರನ್ನು ಒಂದೇ ಜಾಗದಲ್ಲಿ ಒಂಬತ್ತು ನೂರು ವರ್ಷ ಬಿಡದೆ ಮಣ್ಣು ಮಾಡಿದ ಇಂಥ ದಾಖಲೆ ಇಂಗ್ಲೆಂಡಿನಲ್ಲೂ ಅಪರೂಪ.

ಬ್ರಹ್ಮಗಿರಿಯ ಹೋಲಿಕೆ ಸರಿಯಾಗಿಯೇ ಇದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಒಂದೊಂದು ಕಲ್ಲುಗೋರಿಯೂ ತನ್ನ ಸಾಮಾನುಸರಂಜಾಮಿನೊಡನೆ ಬೇರೆಬೇರೆಯಾಗಿ ನಿಂತಿತ್ತು. ಚರ್ಚಿನಂಗಳದ ತೊಂದರೆ ಇದಕ್ಕೆ ತದ್ವಿರುದ್ಧ. ಅಲ್ಲಿ ಜಾಗ ಚಿಕ್ಕದು, ಸಾಯುವವರು ಬಹಳ. ಪವಿತ್ರಗೊಳಿಸಿದ ನೆಲದ ಹೊರಗೆ ಹೂಳುವಂತಿಲ್ಲ. ಮರದ ಗುರುತು ಇಟ್ಟಿದ್ದರೂ ಒಂದೆರಡು ತಲೆಮಾರಿನೊಳಗೆ ಅದು ಹುಳ ಹಿಡಿದೋ ಕೊಳೆತೋ ಹೋಗಿರುತ್ತದೆ. ಹೀಗಾಗಿ ಹೊಸ ಗುಂಡಿ ತೋಡಿದಾಗಲೆಲ್ಲ ಹಳೆಯ ಗುಂಡಿಯ ಒಂದು ಮಗ್ಗುಲು ಕತ್ತರಿಸಿಹೋಗುತ್ತದೆ. ಬಳಪದಿಂದ ಬರೆದು, ಅಳಿಸಿ, ಅದರ ಮೇಲೆಯೇ ಮತ್ತೆ ಬರೆಯುತ್ತಿದ್ದ ನಮ್ಮ ಹಳೆಯ ಕಡತದಂತೆ ಆ ನೆಲ. ಮೇಲಿನ ಬರಹ ಸ್ವಲ್ಪ ಸ್ಪಷ್ಟವಾಗಿದೆ, ಅಡಿಯದು ಅಲ್ಲಲ್ಲಿ ಒಂದೊಂದು ಅಕ್ಷರವಾಗಿ ಇಣುಕುತ್ತದೆ. ಕಾಲನಿರ್ಣಯದ ಮೊದಲ ಸಾಧನವೂ ಈ ಕತ್ತರಿಸುವಿಕೆಯೇ. ಯಾವ ಗುಂಡಿ ಯಾವುದನ್ನು ಕತ್ತರಿಸಿದೆಯೋ ಅದು ಅದಕ್ಕಿಂತ ಈಚಿನದು.

ಕೇಳಲು ಸುಲಭವಾದ ಈ ನಿಯಮವನ್ನು ನೆಲದಲ್ಲಿ ಕಾಣುವುದು ಮಾತ್ರ ಕಷ್ಟ. ಗುಂಡಿ ತೋಡಿದ ಮಣ್ಣನ್ನೇ ತಿರುಗಿ ಅದೇ ಗುಂಡಿಗೆ ತುಂಬುತ್ತಾರೆ. ನೂರಾರು ವರ್ಷ ಹಾಗೆ ತೋಡಿ ತುಂಬಿದ ಮೇಲೆ ಅಂಗಳದ ಮಣ್ಣೆಲ್ಲ ಒಂದೇ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಗೆಯುವವರು ಕರಣೆಯಿಂದ ಮಣ್ಣನ್ನು ತೆಳುವಾಗಿ ಕೆರೆಯುತ್ತ ಹೋಗಿ, ನೀರು ಚಿಮುಕಿಸಿ, ಬಿಸಿಲು ಓರೆಯಾಗಿ ಬೀಳುವ ಹೊತ್ತಿಗಾಗಿ ಕಾದು ನೋಡುತ್ತಾರೆ. ಒಂದು ಕಡೆ ಮಣ್ಣು ಸ್ವಲ್ಪ ಸಡಿಲವಾಗಿದೆ, ಇನ್ನೊಂದು ಕಡೆ ಸುಣ್ಣದ ಹರಳು ಬೆರೆತಿದೆ, ನಡುವೆ ಕೂದಲೆಳೆಯಷ್ಟು ಗೆರೆ: ಅದೇ ಗೋರಿಯ ಅಂಚು. ಆ ಅಂಚು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪಿದಂತೆ. ಎಲುಬು ಕಾಣಿಸಿದ ಮೇಲೆ ಕಬ್ಬಿಣದ ಉಪಕರಣಗಳನ್ನು ಬದಿಗಿಟ್ಟು, ಬಿದಿರಿನ ಕಡ್ಡಿ, ಮರದ ಚಿಕ್ಕ ಸಲಾಕೆ, ಮೃದುವಾದ ಬ್ರಷ್ ಹಿಡಿಯುತ್ತಾರೆ. ಬೆರಳಿನ ಮೂಳೆಗಳು ಎಲ್ಲಿ ಬಿದ್ದಿವೆ ಎಂಬುದು ಮುಖ್ಯ. ಹೆಣಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರೆ ಭುಜಗಳು ಒಳಕ್ಕೆ ಒತ್ತಿ, ಮೊಣಕಾಲುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಪೆಟ್ಟಿಗೆಯಲ್ಲಿಟ್ಟಿದ್ದರೆ ಮಾಂಸ ಕರಗಿದಂತೆ ಎಲುಬುಗಳು ಪೆಟ್ಟಿಗೆಯ ಖಾಲಿ ಜಾಗದಲ್ಲಿ ಜಾರಿ ಚದುರಿರುತ್ತವೆ. ಹಲಗೆಯ ಒಂದು ಚೂರೂ ಉಳಿಯದಿದ್ದಾಗ ಪೆಟ್ಟಿಗೆಯಿತ್ತೇ ಇಲ್ಲವೇ ಎಂದು ಹೇಳುವುದು ಹೀಗೆ.

ಬಾರ್ಟನ್ನಿನಲ್ಲಿ ಒಂದು ಅದೃಷ್ಟವಿತ್ತು. ಅಡಿಯ ಪದರಗಳಲ್ಲಿ ನೆಲದ ನೀರು ಸದಾ ತುಂಬಿಕೊಂಡಿದ್ದುದರಿಂದ ಅಲ್ಲಿಗೆ ಗಾಳಿ ತಲುಪದೆ, ಸ್ಯಾಕ್ಸನ್ ಕಾಲದ ಓಕ್ ಮರದ ಶವಪೆಟ್ಟಿಗೆಗಳು ಹಲಗೆಸಮೇತ ಉಳಿದಿದ್ದವು. ಅಂಥ ಮರ ಸಿಕ್ಕಿತೆಂದರೆ ಅದರ ವರ್ಷಬಳೆಗಳನ್ನು ಎಣಿಸಿ ಮರ ಕಡಿದ ಕಾಲವನ್ನು ಲೆಕ್ಕ ಹಾಕಲು ದಾರಿಯಾಗುತ್ತದೆ. ಇದು ಎಲ್ಲ ಕಡೆಯೂ ಸಿಗುವ ಭಾಗ್ಯವಲ್ಲ.

ಮಿಕ್ಕ ಕಡೆಗಳಲ್ಲಿ ಗೋಡೆಗಳು ನೆರವಿಗೆ ಬರುತ್ತವೆ. ಚರ್ಚುಗಳು ಬೆಳೆಯುವ ಕಟ್ಟಡಗಳು. ಇನ್ನೂರು ವರ್ಷಕ್ಕೊಮ್ಮೆ ಯಾರೋ ಒಬ್ಬರು ಒಂದು ಪಡಸಾಲೆ ಸೇರಿಸುತ್ತಾರೆ, ಗರ್ಭಗೃಹದಂಥ ಪೂರ್ವಭಾಗವನ್ನು ಉದ್ದ ಮಾಡುತ್ತಾರೆ. ಗೋಡೆಯ ಪಾಯದ ಅಡಿಯಲ್ಲಿ ಸಿಕ್ಕಿಬಿದ್ದ ಗೋರಿ ಆ ಗೋಡೆಗಿಂತ ಹಳೆಯದು, ಪಾಯವನ್ನು ಕೊರೆದು ತೋಡಿದ ಗೋರಿ ಈಚಿನದು. ಗೋಡೆ ಕಟ್ಟಿದ ಕಾಲ ಅದರ ಶೈಲಿಯಿಂದ ಗೊತ್ತಿದ್ದರೆ ಹಿಂದುಮುಂದಿನ ಗೋರಿಗಳಿಗೆಲ್ಲ ಒಂದು ಮಿತಿ ಸಿಗುತ್ತದೆ. ಗೋರಿಯಲ್ಲಿ ಏನೂ ಇಡುವುದಿಲ್ಲ ಎಂಬ ನಿಮ್ಮ ಮಾತಿಗೂ ಕೆಲವು ಅಪವಾದಗಳಿವೆ. ಪಾದ್ರಿಗಳ ಜೊತೆ ಪೂಜೆಯ ಬಟ್ಟಲು, ತಟ್ಟೆಗಳ ಅಗ್ಗದ ಲೋಹದ ಪ್ರತಿರೂಪಗಳನ್ನು ಹೂಳುವ ಪದ್ಧತಿಯಿತ್ತು. ವೂಸ್ಟರ್ ಕ್ಯಾಥೆಡ್ರಲಿನಲ್ಲಿ 1986ರಲ್ಲಿ ಸಿಕ್ಕಿದ ಗೋರಿಯೊಂದರಲ್ಲಿ ಯಾತ್ರಿಕನೊಬ್ಬ ಉದ್ದನೆಯ ಚರ್ಮದ ಬೂಟು ತೊಟ್ಟು, ಪಕ್ಕದಲ್ಲಿ ಊರುಗೋಲು ಇಟ್ಟುಕೊಂಡು, ಯಾತ್ರೆಯ ಗುರುತಿನ ಚಿಪ್ಪಿನೊಡನೆ ಮಲಗಿದ್ದ.

ಇನ್ನು ರೇಡಿಯೊಕಾರ್ಬನ್ ವಿಧಾನ. ಎಲುಬಿನಲ್ಲಿ ಉಳಿದಿರುವ ಕೊಲಾಜೆನ್ ಎಂಬ ಪ್ರೋಟೀನಿನಲ್ಲಿ, ಸತ್ತ ಮೇಲೆ ಕಾಲಕ್ರಮದಲ್ಲಿ ಕ್ಷೀಣಿಸುವ ವಿಕಿರಣಶೀಲ ಇಂಗಾಲ ಎಷ್ಟು ಮಿಕ್ಕಿದೆಯೆಂದು ನೋಡಿ ಕಾಲ ಅಳೆಯಬಹುದು. ಆದರೆ ಇದರಲ್ಲೊಂದು ಒಳಸುಳಿಯಿದೆ. ಕಡಲ ನೀರಿನಲ್ಲಿರುವ ಇಂಗಾಲ ಗಾಳಿಯಲ್ಲಿರುವುದಕ್ಕಿಂತ ಸರಾಸರಿ ನಾನೂರು ವರ್ಷ ‘ಹಳೆಯದಾಗಿ’ ತೋರುತ್ತದೆ, ಕಡಲ ಮೀನನ್ನು ತಿಂದವರ ಎಲುಬಿಗೂ ಆ ಹಳೆತನ ಅಂಟಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಕ್ರಿ.ಶ. 1000ದ ಸುಮಾರಿನಿಂದ ಕಡಲ ಮೀನಿನ ಬಳಕೆ ಬಹಳ ಹೆಚ್ಚಿತು. ಶುಕ್ರವಾರಗಳಲ್ಲಿ ಮತ್ತು ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧ, ಮೀನಿಗೆ ಅಡ್ಡಿಯಿರಲಿಲ್ಲ. ಹಾಗಾಗಿ ವಾರವಾರ ಮೀನು ತಿಂದ ಭಕ್ತನೊಬ್ಬ ತಾನು ಸತ್ತ ಕಾಲಕ್ಕಿಂತ ಹತ್ತಾರು ವರ್ಷ, ಕೆಲವೊಮ್ಮೆ ನೂರು ವರ್ಷ ಮೊದಲೇ ಸತ್ತಂತೆ ಪ್ರಯೋಗಾಲಯದಲ್ಲಿ ಕಾಣುತ್ತಾನೆ. ಎಲುಬಿನಲ್ಲಿರುವ ಇಂಗಾಲದ ಸ್ಥಿರ ಐಸೊಟೋಪುಗಳನ್ನೂ (ಕ್ಷೀಣಿಸದೆ ಉಳಿಯುವ, ಬೇರೆಬೇರೆ ತೂಕದ ಪರಮಾಣುಗಳನ್ನೂ) ಅಳೆದು ಅವನು ಎಷ್ಟು ಮೀನು ತಿನ್ನುತ್ತಿದ್ದ ಎಂದು ಅಂದಾಜಿಸಿ ಲೆಕ್ಕವನ್ನು ತಿದ್ದಬೇಕಾಗುತ್ತದೆ. ಇದನ್ನು ಮಾಡದೆ ಹೇಳಿದ ಕಾಲವನ್ನು ನಾನು ನಂಬುವುದಿಲ್ಲ.

ಎರಡನೆಯ ಪ್ರಶ್ನೆಗೆ ಬರುವ ಮೊದಲು ಜಾಗದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಯಾರನ್ನು ಎಲ್ಲಿ ಹೂತರೆಂಬುದು ಎಲುಬಿನಷ್ಟೇ ಮಾತಾಡುತ್ತದೆ. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂದು ನಮ್ಮಲ್ಲಿ ಹೇಳುವಂತೆ ಅಲ್ಲಿಯೂ ಒಂದು ದಿಕ್ಕಿನ ಕಟ್ಟಳೆಯಿತ್ತು. ತಲೆ ಪಶ್ಚಿಮಕ್ಕೆ, ಪಾದ ಪೂರ್ವಕ್ಕೆ, ಮುಖ ಮೇಲಕ್ಕೆ. ಪುನರುತ್ಥಾನದ ದಿನ ಎದ್ದು ಕುಳಿತರೆ ಪೂರ್ವದಿಕ್ಕಿಗೆ ಮುಖ ಮಾಡಿರಬೇಕೆಂಬ ಭಾವ. ಈ ಸಾಲುಗಳ ನಡುವೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ನಾರ್ಥಾಂಪ್ಟನ್‌ಶೈರಿನ ರಾಂಡ್ಸ್ ಎಂಬಲ್ಲಿನ ಚಿಕ್ಕ ಚರ್ಚಿನ ನಕ್ಷೆ. ಹತ್ತನೆಯ ಶತಮಾನದಲ್ಲಿ ಕಟ್ಟಿ, ಮುಂದೆ ಬಳಕೆ ತಪ್ಪಿ, ಜನರ ನೆನಪಿನಿಂದಲೂ ಅಳಿಸಿಹೋಗಿದ್ದ ಆ ಚರ್ಚಿನ ಸುತ್ತ 1970ರ ದಶಕದ ಕೊನೆಯಲ್ಲಿ ಆರಂಭವಾದ ಉತ್ಖನನದಲ್ಲಿ 363 ಗೋರಿಗಳು ಸಿಕ್ಕವು. ಹಳೆಯದಾಗಿ ಮುಟ್ಟದೆ ಉಳಿದ ಅಂಗಳವಾದ್ದರಿಂದ ಗೋರಿಗಳು ಒಂದನ್ನೊಂದು ಅಷ್ಟಾಗಿ ಕತ್ತರಿಸಿರಲಿಲ್ಲ; ಪೂರ್ತಿ ಅಂಗಳವನ್ನು ಒಂದೇ ನೋಟದಲ್ಲಿ ಕಾಣಬಹುದಿತ್ತು. ಕೆಲವರ ತಲೆಯ ಎಡಬಲಕ್ಕೆ ಕಲ್ಲುಗಳನ್ನು ಒತ್ತುಕೊಟ್ಟು, ಮುಖ ಪಕ್ಕಕ್ಕೆ ಹೊರಳದಂತೆ ನಿಲ್ಲಿಸಿದ್ದರು. ಹಸುಳೆಗಳ ಗೋರಿಗಳಾದರೋ ಅಂಗಳದಲ್ಲಿ ಎಲ್ಲೆಂದರಲ್ಲಿ ಇರದೆ ಚರ್ಚಿನ ಗೋಡೆಯ ಬುಡಕ್ಕೆ ಒತ್ತಿಕೊಂಡು ಸೇರಿದ್ದವು, ಸರಿಯಾಗಿ ಮಾಡಿನ ಸೂರಿನಿಂದ ಮಳೆನೀರು ಬೀಳುವ ಪಟ್ಟಿಯಲ್ಲಿ.

ದೀಕ್ಷಾಸ್ನಾನವಾಗುವ ಮೊದಲೇ ತೀರಿಕೊಂಡ ಮಗುವಿಗೆ ಚರ್ಚಿನ ಕಟ್ಟಳೆಯ ಪ್ರಕಾರ ಪವಿತ್ರ ನೆಲದಲ್ಲಿ ಜಾಗವಿರಲಿಲ್ಲ. ದೇವಮಂದಿರದ ಮಾಡನ್ನು ತೊಳೆದು ಬಂದ ಸೂರಿನ ನೀರು ಗೋರಿಯ ಮೇಲೆ ತೊಟ್ಟಿಕ್ಕಿದರೆ ಅದೇ ಮಗುವಿಗೆ ಸ್ನಾನವಾದೀತೆಂದು ಹೆತ್ತವರು ನಂಬಿದ್ದರೆಂಬುದು ಹಲವು ವಿದ್ವಾಂಸರ ವಿವರಣೆ. ಇದಕ್ಕೆ ಆ ಊರಿನದೇ ಬರಹದ ಸಾಕ್ಷ್ಯವಿಲ್ಲ, ಹಾಗಾಗಿ ಊಹೆಯೆಂದೇ ಕರೆಯಬೇಕು. ಹಾಗಿದ್ದರೂ ಪುಟ್ಟ ಗುಂಡಿಗಳು ಅಲ್ಲಿಯೇ ಏಕೆ ಒತ್ತಾಗಿ ಕೂಡಿವೆ ಎಂಬುದಕ್ಕೆ ಇದಕ್ಕಿಂತ ಒಪ್ಪುವ ಉತ್ತರ ನನಗೆ ಕಂಡಿಲ್ಲ. ನೆನಪಿಡಬೇಕಾದದ್ದೆಂದರೆ, ಈ ವಿಷಯ ಯಾವ ಒಂದು ಎಲುಬಿನಲ್ಲಿಯೂ ಇಲ್ಲ. ಗೋರಿಗಳನ್ನು ಒಂದೊಂದಾಗಿ ಅಳೆದು ನಕ್ಷೆಯಲ್ಲಿ ಕೂಡಿಸಿದ ಮೇಲಷ್ಟೇ ಅದು ಎದ್ದುಬಂತು. ಒಂದೇ ಒಂದು ಗೋರಿಯನ್ನು ಅಗೆದು ಅಸ್ಥಿಪಂಜರವನ್ನು ಎತ್ತಿಕೊಂಡು ಹೋಗುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ ಎಂದು ನಾನು ಪದೇಪದೇ ಹೇಳುವುದು ಇದಕ್ಕೇ.

ಎಲುಬು ಏನು ಹೇಳುತ್ತದೆ? ಹೆಣ್ಣೋ ಗಂಡೋ ಎಂಬುದನ್ನು ವಯಸ್ಕರಲ್ಲಿ ಸೊಂಟದ ಎಲುಬಿನ ಅಗಲ ಮತ್ತು ಬಾಗುಗಳಿಂದ ಸಾಕಷ್ಟು ಭರವಸೆಯಿಂದ ಹೇಳಬಹುದು. ಮಕ್ಕಳಲ್ಲಿ ಎಲುಬಿನ ಆಕಾರದಿಂದ ಹೇಳಲಾಗದು. ಡಿಎನ್‌ಎ ಅಥವಾ ಹಲ್ಲಿನ ಎನಾಮೆಲಿನಲ್ಲಿ ಉಳಿದ ಪ್ರೋಟೀನುಗಳ ಪರೀಕ್ಷೆ ಬೇಕು. ವಯಸ್ಸಿನ ವಿಷಯದಲ್ಲಿ ಇದು ತಿರುಗುಮುರುಗು. ಹಲ್ಲು ಮೂಡುವ ಕ್ರಮದಿಂದ ಮಗುವಿನ ವಯಸ್ಸನ್ನು ತಿಂಗಳುಗಳ ಲೆಕ್ಕದಲ್ಲಿ ಹೇಳಬಹುದು, ಬೆಳೆದವರದ್ದು ಮಸಕು. ಈ ಮಸಕನ್ನು ಬಯಲು ಮಾಡಿದ್ದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಕ್ರೈಸ್ಟ್ ಚರ್ಚ್. ಅದು ಮಧ್ಯಯುಗದ್ದಲ್ಲ, ಹದಿನೆಂಟನೆಯ ಶತಮಾನದ್ದು. 1984ರಿಂದ 1986ರವರೆಗೆ ಅದರ ನೆಲಮಾಳಿಗೆಯಿಂದ ಸಾವಿರಕ್ಕೆ ಸ್ವಲ್ಪ ಕಡಿಮೆ ಶವಗಳನ್ನು ಹೊರತೆಗೆದಾಗ 387 ಮಂದಿಯ ಪೆಟ್ಟಿಗೆಗಳ ಮೇಲೆ ಹೆಸರು ಮತ್ತು ವಯಸ್ಸು ಕೊರೆದ ಫಲಕಗಳಿದ್ದವು. ಎಲುಬಿನಿಂದ ಅಂದಾಜಿಸಿದ ವಯಸ್ಸನ್ನು ಫಲಕದ ವಯಸ್ಸಿನೊಡನೆ ಹೋಲಿಸಿ ನೋಡಿದರೆ, ಚಿಕ್ಕವರನ್ನು ಹಿರಿಯರೆಂದೂ ಮುದುಕರನ್ನು ನಡುವಯಸ್ಸಿನವರೆಂದೂ ತಜ್ಞರು ಹೇಳುತ್ತ ಬಂದಿದ್ದರೆಂದು ತಿಳಿಯಿತು. ‘ಮಧ್ಯಯುಗದಲ್ಲಿ ಯಾರೂ ನಲವತ್ತೈದು ದಾಟುತ್ತಿರಲಿಲ್ಲ’ ಎಂಬ ಜನಪ್ರಿಯ ಮಾತಿಗೆ ಈ ತಪ್ಪು ಅಂದಾಜೂ ಒಂದು ಕಾರಣ. ಎಪ್ಪತ್ತರ ಅಜ್ಜ ಅಜ್ಜಿಯರು ಆಗಲೂ ಇದ್ದರು, ನಮ್ಮ ಅಳತೆಗೋಲು ಅವರನ್ನು ಹಿಡಿಯಲಿಲ್ಲ ಅಷ್ಟೆ.

ಬದುಕಿನ ವಿವರಗಳಿಗೆ ಯಾರ್ಕ್‌ಶೈರಿನ ವಾರಮ್ ಪರ್ಸಿಯನ್ನು ನೋಡಬೇಕು. ಕುರಿ ಮೇಯಿಸುವುದು ಒಡೆಯರಿಗೆ ಲಾಭವಾದ ಕಾಲದಲ್ಲಿ, 1500ರ ಹೊತ್ತಿಗೆ, ಜನ ಖಾಲಿಯಾದ ಹಳ್ಳಿ ಅದು. ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅವರು 1950ರಿಂದ ನಲವತ್ತು ವರ್ಷ, ಬೇಸಿಗೆ ಬೇಸಿಗೆಗೆ ಹೋಗಿ ಅಗೆಸಿದರು. ಅಲ್ಲಿನ ಸೇಂಟ್ ಮಾರ್ಟಿನ್ ಚರ್ಚಿನ ಅಂಗಳದಿಂದ ಬಂದ 687 ಅಸ್ಥಿಪಂಜರಗಳನ್ನು ಸೈಮನ್ ಮೇಸ್ ಅಧ್ಯಯನ ಮಾಡಿದರು. ಹದಿನಾಲ್ಕು ವರ್ಷದ ಹುಡುಗನ ಎತ್ತರ ಇಂದಿನ ಹತ್ತು ವರ್ಷದವನಷ್ಟು. ಆದರೂ ವಯಸ್ಕರು ಈಗಿನವರಿಗಿಂತ ಬಹಳ ಗಿಡ್ಡರಲ್ಲ. ಅರೆಹೊಟ್ಟೆಯಲ್ಲಿ ಬೆಳವಣಿಗೆ ನಿಧಾನವಾಗಿ, ಇಪ್ಪತ್ತು ದಾಟಿದ ಮೇಲೂ ಮುಂದುವರಿದಂತೆ ತೋರುತ್ತದೆ. ಎದೆಹಾಲು ಕುಡಿಯುವ ಕೂಸು ಒಂದರ್ಥದಲ್ಲಿ ತಾಯಿಯನ್ನೇ ಉಣ್ಣುತ್ತದೆ, ಆದ್ದರಿಂದ ಅದರ ಎಲುಬಿನಲ್ಲಿ ಭಾರದ ನೈಟ್ರೋಜನ್ನಿನ ಪ್ರಮಾಣ ತಾಯಿಯದಕ್ಕಿಂತ ಒಂದು ಮೆಟ್ಟಿಲು ಹೆಚ್ಚಿರುತ್ತದೆ. ಬೇರೆಬೇರೆ ವಯಸ್ಸಿನಲ್ಲಿ ತೀರಿಕೊಂಡ ಮಕ್ಕಳಲ್ಲಿ ಈ ಪ್ರಮಾಣ ಯಾವಾಗ ಇಳಿಯುತ್ತದೆಂದು ನೋಡಿದಾಗ, ಆ ಹಳ್ಳಿಯ ತಾಯಂದಿರು ಸುಮಾರು ಒಂದೂವರೆ ವರ್ಷದವರೆಗೆ ಎದೆಹಾಲು ಕೊಡುತ್ತಿದ್ದರೆಂದು ಗೊತ್ತಾಯಿತು. ಒಕ್ಕಲು ಹೆಂಗಸರ ಬಗ್ಗೆ ಇಂಥದೊಂದು ಸಾಲನ್ನು ಆ ಕಾಲದ ಯಾವ ಪಾದ್ರಿಯೂ ಬರೆದಿಡುವ ಗೋಜಿಗೆ ಹೋಗಲಿಲ್ಲ. ಇನ್ನೊಬ್ಬ ನಡುವಯಸ್ಸಿನ ಗಂಡಸು, ಹನ್ನೊಂದನೆಯ ಶತಮಾನದ ಆಸುಪಾಸಿನವನು, ತಲೆಯ ಎಡಭಾಗಕ್ಕೆ ಮೊಂಡು ವಸ್ತುವಿನ ಬಲವಾದ ಏಟು ತಿಂದಿದ್ದ. ಯಾರೋ ಚರ್ಮ ಸರಿಸಿ, ಬುರುಡೆಯ ಎಲುಬನ್ನು ಕೆರೆದು ತೆಗೆದು, ಒಳಕ್ಕೆ ತಗ್ಗಿದ ಚೂರುಗಳ ಒತ್ತಡವನ್ನು ಇಳಿಸಿದ್ದರು. ಎಲುಬಿನ ಅಂಚು ನುಣುಪಾಗಿ ಮಾಗಿದೆ, ಅಂದರೆ ಆತ ಆ ಮೇಲೂ ಬಹುಕಾಲ ಬದುಕಿದ್ದ.

ಇದೇ ಊರಿನ ಎಲುಬುಗಳ ಇನ್ನೊಂದು ರಾಶಿ ನಮ್ಮನ್ನು ಎಚ್ಚರಿಸುತ್ತದೆ. ಚರ್ಚಿನಂಗಳದಲ್ಲಲ್ಲ, ಮನೆಗಳ ನಡುವಿನ ಗುಂಡಿಗಳಲ್ಲಿ, ಕನಿಷ್ಠ ಹತ್ತು ಜನರದ್ದಾದ 137 ಎಲುಬುಗಳು ಮುರಿದು, ಸುಟ್ಟು, ಕತ್ತಿಯ ಗೀರು ಬಿದ್ದ ಸ್ಥಿತಿಯಲ್ಲಿ ಸಿಕ್ಕಿದ್ದವು. ಹನ್ನೊಂದರಿಂದ ಹದಿನಾಲ್ಕನೆಯ ಶತಮಾನದ ಈ ಎಲುಬುಗಳ ವಿಶ್ಲೇಷಣೆ 2017ರಲ್ಲಿ ಪ್ರಕಟವಾಯಿತು. ಬರಗಾಲದಲ್ಲಿ ಮನುಷ್ಯಮಾಂಸ ತಿಂದರೇ ಎಂದರೆ ಗೀರುಗಳು ಮಾಂಸ ಹೆಚ್ಚಿರುವ ಕಡೆ ಇಲ್ಲ, ತಲೆ ಮತ್ತು ಕುತ್ತಿಗೆಯ ಸುತ್ತ ಕೂಡಿವೆ. ಹೊರಗಿನವರನ್ನು ಕೊಂದರೇ ಎಂದರೆ ಬಾಲ್ಯದಲ್ಲಿ ಊರಿನ ನೆಲದಿಂದ ಆಹಾರದ ಮೂಲಕ ಹಲ್ಲಿಗೆ ಸೇರುವ ಸ್ಟ್ರಾನ್ಷಿಯಂ ಎಂಬ ಧಾತು ಅವರು ಆ ಸೀಮೆಯಲ್ಲೇ ಬೆಳೆದವರೆಂದು ಹೇಳುತ್ತದೆ. ಸತ್ತವರು ಗೋರಿಯಿಂದೆದ್ದು ಊರನ್ನು ಕಾಡುತ್ತಾರೆಂಬ ಭಯದಿಂದ ಹೆಣಗಳನ್ನು ತೆಗೆದು ಕಡಿದು ಸುಟ್ಟಿರಬೇಕೆಂಬ ವಿವರಣೆಯತ್ತ ಸಂಶೋಧಕರು ವಾಲಿದ್ದಾರೆ. ಅದೇ ಯಾರ್ಕ್‌ಶೈರಿನ ನ್ಯೂಬರ್ಗ್ ಮಠದ ವಿಲಿಯಂ ಎಂಬ ಹನ್ನೆರಡನೆಯ ಶತಮಾನದ ಚರಿತ್ರೆಕಾರ ಇಂಥ ಪ್ರಸಂಗಗಳನ್ನು ಬರೆದಿಟ್ಟಿದ್ದಾನೆ. ವಾಲಿದ್ದಾರೆ ಎಂದೆ, ತೀರ್ಮಾನಿಸಿದ್ದಾರೆ ಎನ್ನಲಿಲ್ಲ.

ಎಲುಬು ಹೇಳದೆ ಬಿಡುವುದೇ ಹೆಚ್ಚು. ಕುಷ್ಠ, ಬೆನ್ನುಮೂಳೆಯ ಕ್ಷಯ ಮುಂತಾದ ನಿಧಾನದ ರೋಗಗಳು ಎಲುಬಿನ ಮೇಲೆ ಗುರುತು ಬಿಡುತ್ತವೆ. ಜ್ವರ, ಭೇದಿ, ಪ್ಲೇಗು ನಾಲ್ಕಾರು ದಿನದಲ್ಲಿ ಕೊಲ್ಲುವುದರಿಂದ ಎಲುಬಿಗೆ ಅವುಗಳ ಸುಳಿವೇ ಇರದು. 1348–50ರ ಮಹಾಮಾರಿಯಲ್ಲಿ ಸತ್ತವರಿಗೆಂದೇ ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡಿನಲ್ಲಿ ಮಾಡಿದ ಸ್ಮಶಾನದ ಅಸ್ಥಿಪಂಜರಗಳ ಮೇಲೂ ಪ್ಲೇಗಿನ ಗುರುತೇನೂ ಇಲ್ಲ. 2011ರಲ್ಲಿ ಅವರ ಹಲ್ಲುಗಳ ಒಳಗಿನಿಂದ ಪ್ಲೇಗಿನ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಜೋಡಿಸಿದ ಮೇಲೆ ಸಾವಿನ ಕಾರಣ ಖಚಿತವಾಯಿತು. ಇನ್ನೂ ವಿಚಿತ್ರವೆಂದರೆ, ರೋಗದ ಗುರುತು ಹೊತ್ತ ಎಲುಬು ಅನೇಕ ವೇಳೆ ಗಟ್ಟಿಮುಟ್ಟಾದ ದೇಹದ್ದು: ಗುರುತು ಮೂಡುವಷ್ಟು ಕಾಲ ಅದು ರೋಗದೊಡನೆ ಸೆಣಸಿತ್ತು.

ಎಬ್ಬಿಸುವುದು ಸರಿಯೇ ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಚಿಕ್ಕದು. ಇಂಗ್ಲೆಂಡಿನಲ್ಲಿ 1857ರ ಸಮಾಧಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಹೂತ ದೇಹವನ್ನು ಕದಲಿಸುವುದು ಅಪರಾಧ. ಚರ್ಚ್ ಆಫ್ ಇಂಗ್ಲೆಂಡಿನ ಪವಿತ್ರ ನೆಲವಾದರೆ ಅದರ ನ್ಯಾಯವ್ಯವಸ್ಥೆಯ ಅನುಮತಿ ಬೇಕು. ಕ್ರೈಸ್ತ ಸ್ಮಶಾನಗಳ ಅವಶೇಷಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಚರ್ಚ್ ಮತ್ತು ಇಂಗ್ಲಿಷ್ ಹೆರಿಟೇಜ್ ಕೂಡಿ 2005ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದವು. ಅನಿವಾರ್ಯವಲ್ಲದಿದ್ದರೆ ಅಗೆಯಬೇಡಿ ಎಂಬುದು ಅದರ ಧೋರಣೆ, ನನ್ನದೂ ಅದೇ. ಪಾಯ ಕುಸಿಯುವಾಗ, ರಸ್ತೆ ಬರುವಾಗ ಹೇಗೂ ಕದಲಬೇಕಾದ ಗೋರಿಗಳನ್ನು ಜೆಸಿಬಿಗೆ ಬಿಡುವುದಕ್ಕಿಂತ ಕರಣೆಯಿಂದ ಬಿಡಿಸುವುದು ಮೇಲು. ಮಧ್ಯಯುಗದವರೂ ಈ ವಿಷಯದಲ್ಲಿ ನಾವೆಣಿಸುವಷ್ಟು ಮಡಿವಂತರಾಗಿರಲಿಲ್ಲ. ಗುಂಡಿ ತೋಡುವಾಗ ಹಳೆಯ ಎಲುಬು ಬಂದರೆ ಅದನ್ನು ಒಂದು ಕಡೆ ಕೂಡಿಸಿ ಮತ್ತೆ ಅದೇ ಮಣ್ಣಿನಲ್ಲಿ ಹಾಕುತ್ತಿದ್ದರು, ಹೆಚ್ಚಾದರೆ ಚರ್ಚಿನ ನೆಲಮಾಳಿಗೆಯಲ್ಲಿ ಒಟ್ಟುತ್ತಿದ್ದರು. ದೇಹ ಒಂದೇ ಗುಂಡಿಯಲ್ಲಿ ಅಲುಗದೆ ಇರಬೇಕೆಂಬ ಹಂಬಲಕ್ಕಿಂತ ಪವಿತ್ರ ನೆಲದ ಒಳಗಿರಬೇಕೆಂಬ ಹಂಬಲ ಅವರಿಗೆ ದೊಡ್ಡದಾಗಿತ್ತು.

ಎಬ್ಬಿಸಿದ ಎಲುಬು ಮನೆಗೆ ಮರಳಿದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಕಾರವಾರದಿಂದ ಎರಡು ಮೂರು ಗಂಟೆಯ ದಾರಿಯ ಹಳೆ ಗೋವೆಯಲ್ಲಿರುವ ಸೇಂಟ್ ಆಗಸ್ಟೀನ್ ಚರ್ಚು ಮಧ್ಯಯುಗದ್ದಲ್ಲ, ಪೋರ್ಚುಗೀಸರ ಕಾಲದ್ದು. 1624ರಲ್ಲಿ ಷಿರಾಜಿನಲ್ಲಿ ಪರ್ಷಿಯಾದ ದೊರೆ ಷಾ ಅಬ್ಬಾಸ್ ಕೊಲ್ಲಿಸಿದ ಜಾರ್ಜಿಯಾದ ರಾಣಿ ಕೆಟೆವಾನಳ ಅವಶೇಷದ ಒಂದು ಭಾಗವನ್ನು ಆಗಸ್ಟೀನಿಯನ್ ಸನ್ಯಾಸಿಗಳು ಅಲ್ಲಿಗೆ ತಂದಿಟ್ಟಿದ್ದರೆಂದು ಹಳೆಯ ಪೋರ್ಚುಗೀಸ್ ದಾಖಲೆಗಳು ಹೇಳುತ್ತಿದ್ದವು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಆ ಪಾಳುಗೋಡೆಗಳ ನಡುವೆ ಕಂಡ ತೋಳಿನ ಎಲುಬನ್ನು ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಮತ್ತು ಅಣುಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸಿದಾಗ, ತಾಯಿಯ ಕಡೆಯಿಂದ ಬರುವ ಅದರ ಡಿಎನ್‌ಎ ಭಾರತೀಯರಲ್ಲಿ ಕಾಣದ, ಜಾರ್ಜಿಯಾದಲ್ಲಿ ಕಾಣುವ ಬಗೆಯದೆಂದು ತಿಳಿಯಿತು. 2021ರ ಜುಲೈನಲ್ಲಿ ಭಾರತ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಇಲ್ಲಿ ದಾರಿ ತೋರಿದ್ದು ದಾಖಲೆ, ಡಿಎನ್‌ಎ ಅದಕ್ಕೆ ಒತ್ತಾಸೆಯಾಗಿ ನಿಂತಿತು; ದಾಖಲೆಯಿಲ್ಲದೆ ಸಿಕ್ಕಿದ್ದರೆ ಅದು ಹೆಸರಿಲ್ಲದ ಒಂದು ಎಲುಬಾಗಿಯೇ ಉಳಿಯುತ್ತಿತ್ತು.

ಬಾರ್ಟನ್ನಿನವರಿಗೆ ಹಾಗೆ ಕರೆಯುವವರು ಯಾರೂ ಇರಲಿಲ್ಲ. ಹೆಚ್ಚಿನವರ ಹೆಸರೇ ತಿಳಿಯದು. ಅವರ ಎಲುಬುಗಳನ್ನು ದಶಕಗಳ ಅಧ್ಯಯನದ ನಂತರ ಅದೇ ಚರ್ಚಿಗೆ ತಂದು, ಹಿಂದೆ ಆರ್ಗನ್ ವಾದ್ಯ ಇದ್ದ ಕೋಣೆಯನ್ನು ಅಸ್ಥಿಗೃಹವಾಗಿ ಮಾಡಿ, ಗುರುತಿನ ಸಂಖ್ಯೆ ಬರೆದ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ತಮ್ಮನ್ನು ಹೂತ ಪವಿತ್ರ ನೆಲದಲ್ಲೇ ಅವರು ಇದ್ದಾರೆ, ಮುಂದೆ ಹೊಸ ವಿಧಾನ ಬಂದಾಗ ಸಂಶೋಧಕರು ಅನುಮತಿ ಪಡೆದು ಅಲ್ಲಿಗೇ ಬರಬಹುದು.